ಅಂಗಿ ತೋಳು ತಾಗಿದ ಎಂಟನೇ ಚೆಂಡು

ಮೊದಲು ಆ ಹೆಡ್‌ಫೋನಿನ ವಿಷಯ ಹೇಳಿಬಿಡ್ತೀನಿ. ಕಿವಿಗೆ ಒತ್ತಿಕೊಳ್ಳೋ ಸ್ಪಂಜು ಒದ್ದೆಯಾಗಿತ್ತು. ಬೆಳಿಗ್ಗೆ ತಮಿಳಿನಲ್ಲಿ ಕಾಮೆಂಟ್ರಿ ಹೇಳಿದವನದೋ, ಅವನಿಗಿಂತ ಮುಂಚೆ ಹಿಂದಿಯಲ್ಲಿ ಕಿರುಚಿದವನದೋ, ಯಾರದೋ ಬೆವರು, ಯಾರದೋ ತಲೆಗೆಣ್ಣೆ, ಎರಡೂ ಸೇರಿ ಹಳಸಿದ ಕೊಬ್ಬರಿ ವಾಸನೆ. ಕರ್ಚೀಫು ಸುತ್ತಿ ಹಾಕ್ಕೊಂಡೆ.

ಪಕ್ಕದಲ್ಲಿ ಕೂತಿದ್ದ ರವಿಕಿರಣ್, "ಹಂಗೆ ಸುತ್ತಿದ್ರೆ ಸೌಂಡ್ ಕ್ಲಿಯರಾಗಿ ಬರಲ್ಲ ಸರ್" ಅಂದ.

"ವಾಸನೆ ಕ್ಲಿಯರಾಗಿ ಬರ್ತಾ ಇದೆಯಲ್ಲಪ್ಪಾ, ಸಾಕು" ಅಂದೆ.

ನನ್ನ ಹೆಸರು ಭೋಜರಾಜ. ಮೈಸೂರಿನವನು. ಸ್ನೂಕರ್ ಆಡಿ, ಸ್ಪೋರ್ಟ್ಸ್ ಕೋಟಾದಲ್ಲಿ ಸರ್ಕಾರಿ ಕೆಲಸ ಸಿಕ್ಕಿ ಮದ್ರಾಸಿಗೆ ಬಂದವನು, ಇಲ್ಲೇ ಮೂವತ್ತು ವರ್ಷ ಕಳೆದುಬಿಟ್ಟೆ. ಈಗ ವೇಲಚೇರಿಯಲ್ಲಿ ಒಂದು ಬೇಕರಿ ಮಹಡಿ ಮೇಲೆ ಎರಡು ಟೇಬಲ್ ಇಟ್ಟುಕೊಂಡು ಮಕ್ಕಳಿಗೆ ಪೂಲ್ ಹೇಳಿಕೊಡ್ತೀನಿ. ಅದಕ್ಕೇ ನನ್ನನ್ನ ಕರೆದಿದ್ರು. ಶೋಳಿಂಗನಲ್ಲೂರಿನ ಒಂದು ದೊಡ್ಡ ಹಾಲ್‌ನಲ್ಲಿ ಇಂಟರ್‌ನ್ಯಾಷನಲ್ ಟೀಮ್ ಪೂಲ್ ಟೂರ್ನಮೆಂಟು, ಹದಿನಾರು ದೇಶ, ಫೋನಿನ ಆ್ಯಪ್‌ನಲ್ಲಿ ಆರು ಭಾಷೆಯಲ್ಲಿ ಪ್ರಸಾರ. ಕನ್ನಡಕ್ಕೆ ನಾನು ಮತ್ತು ಈ ರವಿಕಿರಣ್. ಅವನು ವಾರವಿಡೀ ಇಲ್ಲೇ ಪಕ್ಕದ ಕಂಪನಿಯಲ್ಲಿ ಕಂಪ್ಯೂಟರ್ ಕುಟ್ಟಿ, ಶನಿವಾರ ಭಾನುವಾರ ರಿಸೆಪ್ಶನ್‌ಗಳಲ್ಲಿ ಮೈಕ್ ಹಿಡಿಯೋ ಹುಡುಗ. ಪೂಲ್ ಟೇಬಲ್‌ಗೆ ಎಷ್ಟು ಪಾಕೆಟ್ ಇರುತ್ತೆ ಅಂತ ಮೊದಲನೇ ದಿನ ನನ್ನನ್ನೇ ಕೇಳಿದ್ದ.

ನಾವು ಆಟ ನೋಡ್ತಿದ್ದದ್ದು ಹಾಲ್‌ನಲ್ಲಲ್ಲ, ಅದರ ಹಿಂದಿನ ಸ್ಟೋರ್ ರೂಮಿನಲ್ಲಿ, ಒಂದು ಟೀವಿ ಪರದೆ ಮೇಲೆ. ಒಂದು ಕಡೆ ಮಡಚಿಟ್ಟ ಕುರ್ಚಿಗಳ ರಾಶಿ, ಇನ್ನೊಂದು ಕಡೆ ಯಾರೂ ತಿನ್ನದೆ ಬಿಟ್ಟ ಉಪ್ಪಿಟ್ಟಿನ ಡಬ್ಬ, ಅದರ ಮೇಲೆ ನೊಣ. ಹಾಲ್‌ನಲ್ಲಿ ಏನು ನಡೀತಿತ್ತು ಅಂತೀರಿ? ಚೆಂಡು ಪಾಕೆಟ್‌ಗೆ ಬಿದ್ದಾಗಲೆಲ್ಲ ಡ್ರಮ್ಮು, ಹೊಗೆ, ನೀಲಿ ಲೈಟು. ಉಸಿರು ಬಿಗಿಹಿಡಿದು ನೋಡೋ ಆಟ ಇದು. ಇದಕ್ಕೆ ಹೊಗೆ ಬಿಡ್ತಾರಲ್ಲ, ಇವರ ಬುದ್ಧಿಗಿಷ್ಟು!

"ಓಹೋಹೋ! ಸ್ನೇಹಿತರೇ, ಇದು ಪೂಲ್ ಟೇಬಲ್ಲಿನ ಸಿಕ್ಸರ್!" ಅಂತ ಕೂಗಿದ ರವಿಕಿರಣ್.

ಮೈಕ್ ಮುಚ್ಚಿಕೊಂಡು, "ಅದು ಸುಮ್ನೆ ನೇರ ಹೊಡೆತ ಮಾರಾಯ. ನನ್ನ ಹೆಂಡತಿ ಸೀತಾನೂ ಹಾಕ್ತಾಳೆ" ಅಂದೆ.

"ಎನರ್ಜಿ ಬೇಕು ಸರ್."

ಕಿವಿಯೊಳಗೆ ಪ್ರೊಡ್ಯೂಸರ್ ವಂದನಾ ದನಿ ಬಂತು. "ಭೋಜರಾಜ್ ಸರ್, ನಮ್ಮ ಸ್ಪಾನ್ಸರ್ ಹೇರ್ ಆಯಿಲ್ ಹೆಸರು ಹೇಳಿ ಇಪ್ಪತ್ತು ನಿಮಿಷ ಆಯ್ತು." ಹೇಳಿದೆ. ಏನು ಮಾಡೋದು, ಒಪ್ಪಿಕೊಂಡು ಬಂದಾಗಿತ್ತಲ್ಲ. ನಾಲಿಗೆ ತೊಳೆದುಕೊಳ್ಳಬೇಕು ಅನ್ನಿಸ್ತು.

ಒಪ್ಪಿಕೊಂಡದ್ದು ಇವರ ಮುಖ ನೋಡಿ ಅಲ್ಲ, ವಿಭಾಳಿಗೋಸ್ಕರ. ನನ್ನ ಬೇಕರಿ ಮಹಡಿಯಲ್ಲಿ ಹನ್ನೊಂದನೇ ವಯಸ್ಸಿಗೆ ಕ್ಯೂ ಕೋಲು ಹಿಡಿದ ಹುಡುಗಿ ಅವಳು, ಈಗ ಇಂಡಿಯಾ ಟೀಮಿನಲ್ಲಿದ್ದಾಳೆ. ಹುಟ್ಟಿ ಬೆಳೆದದ್ದೆಲ್ಲ ವೇಲಚೇರಿ, ನಾನು ಕನ್ನಡದಲ್ಲಿ ಬೈದರೆ ತಮಿಳಿನಲ್ಲಿ ಉತ್ತರ ಕೊಡೋಳು. ಅವಳಿಗೂ ಸ್ಪೋರ್ಟ್ಸ್ ಕೋಟಾದಲ್ಲಿ ಒಂದು ಕೆಲಸ ಕಾಯ್ತಾ ಇತ್ತು. ಷರತ್ತು ಒಂದೇ, ಇಂಟರ್‌ನ್ಯಾಷನಲ್‌ನಲ್ಲಿ ಕೊನೆಗುಳಿಯೋ ನಾಲ್ಕು ತಂಡದೊಳಗೆ ಬಂದಿರಬೇಕು. ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗೀತು. ಅಂದ್ರೆ ಇವತ್ತಿನ ಕ್ವಾರ್ಟರ್ ಫೈನಲ್ ಗೆದ್ದರೆ ಕೆಲಸ ಉಂಟು, ಸೋತರೆ ಇಲ್ಲ, ಇನ್ನು ಯಾವತ್ತೂ ಇಲ್ಲ.

ಬೆಳಿಗ್ಗೆ ಅವಳ ತಾಯಿ ಸಣ್ಣಮ್ಮ ಫೋನ್ ಮಾಡಿದ್ರು. "ಸಾರ್, ನಂಗೆ ಆಟ ಗೊತ್ತಾಗಕಿಲ್ಲ. ನೀವ್ ಮಾತಾಡದ್ನೇ ಕೇಳ್ಕಂಡು ಕೂತಿರ್ತೀನಿ. ನಿಮ್ ಬಾಯಿಂದ ಒಳ್ಳೇದು ಬರ್ಲಿ." ಕನ್ನಡ ಪ್ರಸಾರಕ್ಕೆ ಗ್ಯಾರಂಟಿ ಅಂತ ಒಬ್ಬ ಪ್ರೇಕ್ಷಕರಿದ್ದರೆ ಅದು ಸಣ್ಣಮ್ಮ.

ಎದುರಾಳಿ ವಿಯೆಟ್ನಾಂ. ಎರಡೆರಡು ಪಂದ್ಯ ಗೆದ್ದು ಸಮ ಆಗಿ, ಕೊನೆಯದು ಮಿಕ್ಸೆಡ್ ಡಬಲ್ಸ್. ಗಂಡಸು ಒಂದು ಹೊಡೆತ, ಹೆಂಗಸು ಒಂದು ಹೊಡೆತ, ಸರದಿ ಪ್ರಕಾರ. ಒಂದರಿಂದ ಒಂಬತ್ತರವರೆಗೆ ನಂಬರಿನ ಚೆಂಡು, ಬಿಳಿ ಚೆಂಡಿನಿಂದ ಹೊಡೆದು ಚಿಕ್ಕ ನಂಬರಿನಿಂದ ಒಂದೊಂದಾಗಿ ಪಾಕೆಟ್‌ಗೆ ಹಾಕ್ತಾ ಹೋಗಬೇಕು, ಒಂಬತ್ತನೇದು ಯಾರು ಹಾಕ್ತಾರೋ ಆಟ ಅವರದು. ವಿಭಾ ಜೊತೆಗಾರ ನಮ್ಮ ಕ್ಯಾಪ್ಟನ್ ಪ್ರಮೋದ.

ಈ ಪ್ರಮೋದನ್ನ ನೋಡಿದರೇ ನನಗೆ ಮೈ ಉರಿಯುತ್ತೆ. ಚೂಯಿಂಗ್ ಗಮ್ ಅಗೀತಾ, ಬಾಯಿ ತೆರೆದುಕೊಂಡೇ ಆಡ್ತಾನೆ. ಬೆವರಿದ ಕತ್ತು, ಮೂಗು, ಎಲ್ಲ ಒಂದು ಬಿಳಿ ಟವೆಲ್ಲಿನಲ್ಲಿ ಒರೆಸಿ, ಅದೇ ಟವೆಲ್ಲನ್ನ ಕ್ಯೂ ಒರೆಸಿಕೊಳ್ಳೋದಕ್ಕೆ ವಿಭಾ ಕಡೆ ಎಸೀತಾನೆ. ಅವಳು ತುದಿ ಬೆರಳಲ್ಲಿ ಹಿಡಿದು ಪಕ್ಕಕ್ಕಿಡ್ತಾಳೆ. ತಾನು ಬಿಳಿ ಚೆಂಡನ್ನ ತಂದು ಕೆಟ್ಟ ಜಾಗದಲ್ಲಿ ನಿಲ್ಲಿಸಿ, ಅವಳು ತಪ್ಪಿದ ಕೂಡಲೇ ಕ್ಯಾಮರಾ ಕಡೆ ತಿರುಗಿ ತಲೆ ಅಲ್ಲಾಡಿಸ್ತಾನೆ.

"ವಿಭಾ ಒತ್ತಡಕ್ಕೆ ಸಿಲುಕಿದ್ರಾ ಸರ್?" ಅಂದ ರವಿಕಿರಣ್.

"ಒತ್ತಡ ಅಲ್ಲ. ಅವಳಿಗೆ ಹೊಡೆಯೋದಕ್ಕೆ ದಾರಿಯನ್ನೇ ಬಿಟ್ಟಿಲ್ಲ ನಮ್ಮ ಕ್ಯಾಪ್ಟನ್ನು" ಅಂದೆ, ಮೈಕಿನಲ್ಲೇ.

"ಸರ್, ಪಾಸಿಟಿವ್ ಪ್ಲೀಸ್" ಅಂತ ಕಿವಿಯೊಳಗೆ ವಂದನಾ.

ನಾಲ್ಕು ಆಟ ಅವರು, ನಾಲ್ಕು ಆಟ ನಾವು. ಕೊನೇ ಆಟಕ್ಕೆ ಚೆಂಡು ಜೋಡಿಸ್ತಿದ್ದಾಗ ಸ್ವಲ್ಪ ಸಮಯ ಸಿಕ್ತು. ರವಿಕಿರಣ್‌ಗೆ ಯಾರೋ ಚೀಟಿ ಬರೆದುಕೊಟ್ಟಿದ್ರು ಕಾಣುತ್ತೆ. "ಸರ್, ನಿಮ್ಮ ಆ ಎಗ್ಮೋರ್ ಫೈನಲ್ ಕಥೆ ಹೇಳಿ, ವೀಕ್ಷಕರಿಗೆ ಸ್ಫೂರ್ತಿ ಆಗುತ್ತೆ" ಅಂದ.

ಹೇಳಿದೆ. ತೊಂಬತ್ತಮೂರರಲ್ಲಿ ಎಗ್ಮೋರಿನ ಒಂದು ಕ್ಲಬ್ಬಿನಲ್ಲಿ ದಕ್ಷಿಣ ಭಾರತ ಮಟ್ಟದ ಸ್ನೂಕರ್ ಫೈನಲ್ಲು, ಮೈಸೂರಿನಿಂದ ಆಡೋಕೆ ಬಂದಿದ್ದೆ. ಬಾಗಿ ಹೊಡೆಯೋವಾಗ ನನ್ನ ಅಂಗಿ ತೋಳು ಪಿಂಕ್ ಚೆಂಡಿಗೆ ತಾಗಿ ಕೂದಲೆಳೆಯಷ್ಟು ಸರೀತು. ರೆಫರಿ ನೋಡಲಿಲ್ಲ, ಎದುರಾಳಿ ನೋಡಲಿಲ್ಲ. ನಾನೇ ಕೈ ಎತ್ತಿ "ಫೌಲ್" ಅಂದೆ. ಆರು ಪಾಯಿಂಟ್ ಬಿಟ್ಟುಕೊಟ್ಟೆ. ಆದರೂ ಹೋರಾಡಿ ಗೆದ್ದೆ, ಆ ಗೆಲುವಿಗೆ ಕೆಲಸ ಸಿಕ್ತು. ಬೇಕರಿ ಮಹಡಿಗೆ ಬಂದ ಪ್ರತಿಯೊಂದು ಮಗುವಿಗೂ ಹೇಳಿರೋ ಕಥೆ. ಕ್ಯೂ ಹಿಡಿಯೋದು ಕಲಿಸೋದಕ್ಕಿಂತ ಮುಂಚೆ ಅದನ್ನೇ ಕಲಿಸ್ತಿದ್ದೆ: ನಮ್ಮ ಫೌಲು ನಾವೇ ಹೇಳಬೇಕು, ಕೈ ಎತ್ತಿದವನು ಸೋಲಲ್ಲ.

"ವಾವ್, ರೋಮಾಂಚನ!" ಅಂದ ರವಿಕಿರಣ್. ಅವನ ಕೈಮೇಲೆ ಒಂದು ರೋಮವೂ ಎದ್ದಿರಲಿಲ್ಲ.

ಆಟ ಶುರುವಾಯ್ತು. ವಿಯೆಟ್ನಾಂನವರು ನಾಲ್ಕು ಚೆಂಡು ಹಾಕಿ ಐದರಲ್ಲಿ ತಪ್ಪಿದರು. ಪ್ರಮೋದ ಐದು ಹಾಕಿದ, ವಿಭಾ ಆರು ಹಾಕಿದಳು, ಬಿಳಿ ಚೆಂಡನ್ನ ಕರೆದುಕೊಂಡು ಬಂದು ಏಳರ ಮುಂದೆ ಕೂರಿಸಿಕೊಟ್ಟಳು. ಎಂಥಾ ಹೊಡೆತ ಅದು! "ಭೇಷ್ ಮಗು!" ಅಂತ ನನಗೇ ಗೊತ್ತಿಲ್ಲದೆ ಕೂಗಿದೆ. ಉಳಿದದ್ದು ಏಳು, ಎಂಟು, ಒಂಬತ್ತು. ಪ್ರಮೋದ ಏಳು, ವಿಭಾ ಎಂಟು, ಪ್ರಮೋದ ಒಂಬತ್ತು, ಮುಗೀತು, ಸೆಮಿಫೈನಲ್ಲು, ಕೆಲಸ.

ಒಂದೇ ತೊಡಕಿತ್ತು. ಎಂಟನೇ ಚೆಂಡು ಒಂಬತ್ತಕ್ಕೆ ಅಂಟಿಕೊಂಡ ಹಾಗಿತ್ತು, ಹೊಡೆಯೋಕೆ ಕಷ್ಟ.

ಪ್ರಮೋದ ಟೇಬಲ್ ಮೇಲೆ ಪೂರ್ತಿ ಬಾಗಿದ. ಎಣ್ಣೆ ಕಂಪನಿಯವರು ಕೊಟ್ಟ ಜೆರ್ಸಿ, ತೋಳು ಜೋಲಾಡುತ್ತಿತ್ತು. ಏಳು ಬಿತ್ತು. ಮೇಲೇಳೋವಾಗ ತೋಳಿನ ಅಂಚು ಎಂಟನೇ ಚೆಂಡಿಗೆ ತಾಗಿ ಅದು ಅರ್ಧ ಬೆರಳು ಈಚೆಗೆ ಉರುಳ್ತು. ಕಷ್ಟದ ಚೆಂಡು ಸಲೀಸಾಗಿಹೋಯ್ತು. ರೆಫರಿ ಆ ಕಡೆ ಪಾಕೆಟ್ ನೋಡ್ತಾ ನಿಂತಿದ್ದ. ವಿಯೆಟ್ನಾಂನವರು ತಲೆ ತಗ್ಗಿಸಿ ಕೂತಿದ್ದರು. ನಮ್ಮ ಪರದೆಗೆ ಮಾತ್ರ ಮೇಲಿನ ಕ್ಯಾಮರಾ, ನೀರಿನಷ್ಟು ಸ್ಪಷ್ಟ. ಪ್ರಮೋದ ಚೆಂಡನ್ನ ನೋಡಿದ, ರೆಫರಿಯನ್ನ ನೋಡಿದ, ಆಮೇಲೆ ಸೂರು ನೋಡ್ತಾ ಗಮ್ ಅಗಿಯೋಕೆ ಶುರುಮಾಡಿದ.

ಥೂ, ಕಳ್ಳ ನನ್ನ ಮಗನೇ!

ಬಾಯಿ ತೆರೆದೆ. ಕಿವಿಯೊಳಗೆ ವಂದನಾ ಅವಸರವಾಗಿ ಹೇಳಿದಳು: "ಸರ್, ಫೌಲ್ ಅನ್ನೋ ಮಾತೇ ಬೇಡ. ರೆಫರಿ ಕೊಟ್ಟಿಲ್ಲ. ಹೊರಗಡೆ ಇಂಡಿಯಾ ಇಂಡಿಯಾ ಅಂತಿದ್ದಾರೆ, ಕೇಳಿಸ್ತಿಲ್ವಾ?"

ಬಾಯಿ ಮುಚ್ಚಿಕೊಂಡೆ. ವಂದನಾಗೆ ಹೆದರಿ ಅಂದುಕೊಂಡ್ರಾ? ಅಲ್ಲ. ಸಣ್ಣಮ್ಮ ನೆನಪಾದ್ರು. ವಿಭಾ ಕ್ಯೂ ತುದಿಗೆ ಸೀಮೆಸುಣ್ಣ ಉಜ್ಜಿಕೊಳ್ತಾ ಟೇಬಲ್ಲಿಗೆ ಬರ್ತಿದ್ಲು. ನೋಡಬೇಡ ಮಗು, ಹೊಡೆದುಬಿಡು ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ನಾನು, ಇಷ್ಟು ವರ್ಷ ಪಾಠ ಹೇಳಿದ ನಾನು, ಹಾಗೆ ಬೇಡಿಕೊಂಡೆ.

ಅವಳು ಬಾಗಿ ಗುರಿ ಹಿಡಿದಳು. ಮತ್ತೆ ಎದ್ದಳು. ಒಂಬತ್ತರಿಂದ ಬಿಟ್ಟುಕೊಂಡಿದ್ದ ಎಂಟನೇ ಚೆಂಡನ್ನ ನೋಡಿದಳು, ಪ್ರಮೋದನ ಜೋಲಾಡೋ ತೋಳನ್ನ ನೋಡಿದಳು. ಅವನು "ಹೊಡಿ ಹೊಡಿ" ಅಂತ ಬೆರಳಾಡಿಸಿದ. ವಿಭಾ ಕ್ಯೂ ಎಡಗೈಗೆ ತಗೊಂಡು ಬಲಗೈ ಎತ್ತಿದಳು.

ರೆಫರಿ ಹತ್ತಿರ ಬಂದ. ಅವಳು ಎಂಟನೇ ಚೆಂಡು ತೋರಿಸಿ, ಪ್ರಮೋದನ ತೋಳು ತೋರಿಸಿ ಏನೋ ಹೇಳಿದಳು. ರೆಫರಿ ಫೌಲ್ ಕೊಟ್ಟ, ಹಾಲ್ ತಣ್ಣಗಾಯ್ತು. ಫೌಲಾದರೆ ಬಿಳಿ ಚೆಂಡು ಎದುರಾಳಿ ಕೈಗೆ, ಎಲ್ಲಿ ಬೇಕಾದರೂ ಇಟ್ಟು ಹೊಡೀಬಹುದು. ವಿಯೆಟ್ನಾಂ ಹುಡುಗಿ ಎಂಟು ಹಾಕಿದಳು. ಅವಳ ಜೊತೆಗಾರ ಒಂಬತ್ತು ಹಾಕಿದ. ಎರಡು ನಿಮಿಷವೂ ಹಿಡೀಲಿಲ್ಲ. ಆಗಲೂ ಡ್ರಮ್ಮು, ಹೊಗೆ, ನೀಲಿ ಲೈಟು.

ಪ್ರಮೋದ ಆ ಟವೆಲ್ಲನ್ನ ವಿಭಾ ಕಾಲ ಬುಡಕ್ಕೆ ಎಸೆದು ಹೊರಟುಹೋದ. ರವಿಕಿರಣ್ ಕುರ್ಚಿಯಿಂದ ಎದ್ದೇಬಿಟ್ಟಿದ್ದ. "ಸ್ನೇಹಿತರೇ! ಇದು ಪ್ರಾಮಾಣಿಕತೆನಾ, ಮುಠ್ಠಾಳತನನಾ? ಪ್ರಾಮಾಣಿಕತೆ ಅನ್ನೋರು ಒಂದು ಒತ್ತಿ, ಮುಠ್ಠಾಳತನ ಅನ್ನೋರು ಎರಡು ಒತ್ತಿ!"

ಪರದೆ ಮೂಲೆಯಲ್ಲಿ ಎರಡು ಒತ್ತಿದವರ ಸಂಖ್ಯೆ ಏರ್ತಾ ಹೋಯ್ತು. ಅಸಹ್ಯ ಆಗಿ ಪರದೆಯಿಂದ ಮುಖ ತಿರುಗಿಸಿದೆ. ನಿಜ ಹೇಳ್ತೀನಿ, ರವಿಕಿರಣ್ ಮೇಲಾಗಲಿ, ಪ್ರಮೋದನ ಟವೆಲ್ಲಿನ ಮೇಲಾಗಲಿ ಬಂದ ಅಸಹ್ಯ ಅಲ್ಲ ಅದು.

ಎಗ್ಮೋರಿನಲ್ಲಿ ನಾನು ಕೈ ಎತ್ತಲಿಲ್ಲ. ತೋಳು ತಾಗಿದ್ದು ನಿಜ, ಪಿಂಕ್ ಸರಿದದ್ದು ನಿಜ, ಯಾರೂ ನೋಡದೆ ಇದ್ದದ್ದೂ ನಿಜ. ನಾನೂ ಪ್ರಮೋದನ ಹಾಗೇ ಸೂರು ನೋಡಿದೆ. ಅಲ್ಲಿ ಒಂದು ಫ್ಯಾನ್ ತಿರುಗ್ತಿತ್ತು, ಅದರ ಒಂದು ರೆಕ್ಕೆಗೆ ತುಕ್ಕು ಹಿಡಿದಿತ್ತು, ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೂರು ಪಾಯಿಂಟಿನಲ್ಲಿ ಗೆದ್ದೆ. ಆರು ಬಿಟ್ಟುಕೊಟ್ಟಿದ್ದರೆ ಎಲ್ಲಿ ಗೆಲ್ತಿದ್ದೆ? ಆ ಕಪ್ ಗೆದ್ದದ್ದಕ್ಕೇ ಕೆಲಸ ಸಿಕ್ಕಿದ್ದು, ಆ ಕೆಲಸದಲ್ಲೇ ಮನೆ, ಮದುವೆ, ಎಲ್ಲ. ಕೈ ಎತ್ತಿದ ಕಥೆ ಆಮೇಲೆ ಹುಟ್ಟಿಕೊಂಡದ್ದು. ಮೊದಲ ಸಲ ಹೇಳಿದಾಗ ನಾಚಿಕೆ ಆಗಿತ್ತು, ಹತ್ತನೇ ಸಲಕ್ಕೆ ಅದೂ ಹೋಯ್ತು.

"ಸರ್, ನೀವೇ ಹಾಲ್‌ಗೆ ಹೋಗಿ ವಿಭಾ ಇಂಟರ್‌ವ್ಯೂ ತಗೊಳ್ಳಿ" ಅಂದಳು ವಂದನಾ. "ನಿಮ್ಮ ಸ್ಟೂಡೆಂಟಲ್ವಾ. ಅತ್ತರೆ ತಡೀಬೇಡಿ, ಚೆನ್ನಾಗಿ ಬರುತ್ತೆ."

ಎಂಥಾ ಜನ ಇವರು ಅಂತ ಹಲ್ಲು ಕಡಿದುಕೊಂಡು ಹೋದೆ. ಹಲ್ಲು ಕಡಿಯೋಕೆ ನನಗೇನು ಯೋಗ್ಯತೆ ಇತ್ತೋ ಕಾಣೆ.

ಎಣ್ಣೆ ಬಾಟಲಿ ಚಿತ್ರದ ಬೋರ್ಡಿನ ಮುಂದೆ ನಿಂತಿದ್ದಳು ವಿಭಾ. ಅತ್ತಿರಲಿಲ್ಲ. ಕ್ಯಾಮರಾದವನು ಬೆರಳು ತೋರಿಸಿದ, ಪ್ರಸಾರ ಶುರು ಅಂತ. ವೇಲಚೇರಿಯ ಮನೆಯಲ್ಲಿ ಸಣ್ಣಮ್ಮ ಫೋನು ಹಿಡಿದುಕೊಂಡು ಕೂತಿರ್ತಾರೆ ಅಂತ ಗೊತ್ತಿತ್ತು.

"ವಿಭಾ, ಇವತ್ತಿನ ಆಟ..." ಅಂದೆ.

ಅವಳು ನಾನು ಕೇಳೋದಕ್ಕೆ ಕಾಯಲಿಲ್ಲ. ತಮಿಳಿನಲ್ಲಿ ಶುರುಮಾಡಿ, ತಾಯಿಗೆ ಕೇಳಲಿ ಅಂತಲೋ ಏನೋ, ಕನ್ನಡಕ್ಕೆ ತಿರುಗಿದಳು. "ಎನ್ನ ಸರ್ ಇದು? ನೀವು ಹೇಳ್ದಂಗೇ ಮಾಡಿದೆ. ಕೈ ಎತ್ತಿದೆ. ನೀವು ಕೈ ಎತ್ತಿದ್ಮೇಲೂ ಗೆದ್ರಿ ಅಲ್ವಾ ಸರ್? ನಾನ್ ಏನ್ ತಪ್ಪು ಮಾಡಿದೆ?"

ನಿಜವಾಗಿ ಕೇಳ್ತಿದ್ದಳು. ಟೇಬಲ್ ಹತ್ತಿರ ನಿಂತು, ಕೈ ಹಿಡಿದ ರೀತಿ ತಪ್ಪಾ, ಕಾಲು ಇಟ್ಟ ರೀತಿ ತಪ್ಪಾ ಅಂತ ಕೇಳ್ತಿದ್ದಳಲ್ಲ, ಹಾಗೇ. ನಾನು ಹೇಳಿದರೆ ತಿದ್ದಿಕೊಳ್ಳೋಣ ಅಂತ.

ಒಂದು ಒಳ್ಳೇ ಮಾತು ಹೇಳಿ ಮುಗಿಸಬಹುದಿತ್ತು. ನಾಲಿಗೆ ತುದಿವರೆಗೂ ಬಂದಿತ್ತು.

"ನಿನ್ನದೇನೂ ತಪ್ಪಿಲ್ಲ" ಅಂದೆ. "ನಾನು ಅವತ್ತು ಕೈ ಎತ್ತಲಿಲ್ಲ ಕಣಮ್ಮ. ಸುಮ್ಮನಿದ್ದು ಗೆದ್ದೆ. ನಿಮಗೆಲ್ಲ ಸುಳ್ಳು ಹೇಳಿದ್ದೆ."

ಕ್ಯಾಮರಾದವನಿಗೆ ಕನ್ನಡ ಬರ್ತಿರಲಿಲ್ಲ, ಅವನು ಹಲ್ಲು ಬಿಟ್ಟುಕೊಂಡೇ ಇದ್ದ. ವಿಭಾ ಬೈತಾಳೆ ಅಂದುಕೊಂಡೆ, ಬೈದಿದ್ದರೆ ಎಷ್ಟೋ ಚೆನ್ನಾಗಿರ್ತಿತ್ತು.

"ಹಂಗಾದ್ರೆ," ಅಂದಳು ಮೆಲ್ಲಗೆ, "ನಾನ್ ಒಬ್ಬಳೇನಾ ಸರ್ ಎತ್ತಿದ್ದು?"

"ನೀನೊಬ್ಬಳೇ" ಅಂದೆ.

ಜೇಬಿನಲ್ಲಿ ಫೋನು ಅದುರೋಕೆ ಶುರುವಾಯ್ತು. ಸಣ್ಣಮ್ಮನೇ ಇರಬೇಕು. ತೆಗೆದು ನೋಡೋ ಧೈರ್ಯ ಬರಲಿಲ್ಲ.