ಸದ್ದಿಲ್ಲದ ಕ್ಯಾಮೆರಾ

ಕ್ಯಾಮೆರಾದವರ ಜಗಳ ಬೀಗರ ಜಗಳವಿದ್ದ ಹಾಗೆ. ಶುರುವಾದದ್ದು ಯಾಕೆಂದು ಯಾರಿಗೂ ನೆನಪಿರುವುದಿಲ್ಲ, ಬಿಟ್ಟುಕೊಡಲು ಮಾತ್ರ ಯಾರೂ ತಯಾರಿರುವುದಿಲ್ಲ. ಅಮೆರಿಕದ ಉತ್ತರದ ಚಳಿ ಸೀಮೆಯ ನಮ್ಮ ಡುಲೂತ್ ಊರಿನಲ್ಲಿ ನಾನು ನಿಕಾನ್ ಕಡೆಯವಳು, ಆರಿನ್ ಲಾಹ್ಟಿ ಕ್ಯಾನನ್ ಕಡೆಯವರು. ನಾನು ಶಾಲೆ ಮಕ್ಕಳ ಫೋಟೋ ತೆಗೆದು ಹೊಟ್ಟೆ ಹೊರೆಯುತ್ತೇನೆ. ಅವರು ಊರಿನ ಪತ್ರಿಕೆಗೆ ಬೆಂಕಿ ಅನಾಹುತ, ಐಸ್ ಹಾಕಿ ಪಂದ್ಯ, ಚುನಾವಣೆ ಎಂದು ಜೀವಮಾನವಿಡೀ ಓಡಾಡಿ ನಿವೃತ್ತರಾದವರು. ಬೀದಿಯಲ್ಲಿ ಸಿಕ್ಕರೆ ಮೊದಲು ನನ್ನ ಹೆಗಲ ಮೇಲಿನ ಕ್ಯಾಮೆರಾ ನೋಡಿ, "ಇನ್ನೂ ಬುದ್ಧಿ ಬಂದಿಲ್ವಾ ಮಾರಿಟ್?" ಎಂದು ಕೇಳಿ, ಆಮೇಲೆ ಕ್ಷೇಮ ಸಮಾಚಾರಕ್ಕೆ ಬರುತ್ತಿದ್ದರು.

ನಿಜ ಹೇಳಬೇಕೆಂದರೆ ಎರಡೂ ಒಳ್ಳೆಯ ಕ್ಯಾಮೆರಾಗಳೇ. ಚಿತ್ರ ನೋಡಿ ಇದು ಯಾವುದರದ್ದು ಎಂದು ಹೇಳಿ ಎಂದರೆ ನಾನೂ ಬಾಯಿ ಮುಚ್ಚಿಕೊಳ್ಳುತ್ತೇನೆ. ವ್ಯತ್ಯಾಸವಿರುವುದು ಕೈಯಲ್ಲಿ. ಒಂದರ ಲೆನ್ಸ್ ಇನ್ನೊಂದಕ್ಕೆ ಕೂರುವುದಿಲ್ಲ. ದೂರದ್ದನ್ನು ಹತ್ತಿರ ತರಲು ನನ್ನ ಲೆನ್ಸಿನ ರಿಂಗ್ ಯಾವ ಕಡೆ ತಿರುಗುತ್ತದೋ, ಅವರದ್ದು ಅದರ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಇಷ್ಟು ವರ್ಷ ಒಂದು ದಿಕ್ಕಿಗೆ ತಿರುಗಿಸಿದ ಕೈಗೆ ಇನ್ನೊಂದು ದಿಕ್ಕು ಹೇಳಿಕೊಡುವುದೆಂದರೆ ಎಡಗೈಯಲ್ಲಿ ಬರೆಯಲು ಕಲಿತ ಹಾಗೆ.

ಆ ಫೆಬ್ರವರಿಯಲ್ಲಿ ಎರಡರಲ್ಲಿ ಒಂದನ್ನು ಆರಿಸುವ ಕೆಲಸ ನನ್ನ ತಲೆಗೆ ಬಂತು. ಅದು ತಮಾಷೆಯ ವಿಷಯವಾಗಿರಲಿಲ್ಲ.

ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ಕೆಲವು ಮಕ್ಕಳು ಉಸಿರಿಲ್ಲದೆ ಹುಟ್ಟುತ್ತವೆ. ಕೆಲವು ಒಂದು ಹಗಲು ಇದ್ದು ಹೊರಟುಹೋಗುತ್ತವೆ. ಅಂಥ ತಂದೆತಾಯಿ ಕೇಳಿದರೆ ನಾವು ಹೋಗಿ ಮಗುವಿನ ಫೋಟೋ ತೆಗೆದುಕೊಡುತ್ತೇವೆ. ಆರಿನ್, ನಾನು, ಜನೀನ್ ಎಂಬ ಇನ್ನೊಬ್ಬಳು, ಮೂರೇ ಜನ. ಇದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಶುರು ಮಾಡಿದವರು ಆರಿನ್. ಅವರ ಒಬ್ಬನೇ ಮಗ ಹೀಗೆಯೇ ಹುಟ್ಟಿದ್ದ. ಆ ಕಾಲದಲ್ಲಿ ನರ್ಸುಗಳು ಟವೆಲ್ ಮುಚ್ಚಿ ಎತ್ತಿಕೊಂಡು ಹೋಗಿಬಿಡುತ್ತಿದ್ದರು, ನೋಡಬೇಡಿ, ಮರೆತುಬಿಡಿ ಎನ್ನುತ್ತಿದ್ದರು. ಅವರ ಹೆಂಡತಿ ಲೋರ್ನಾ ಮಗನ ಮುಖ ನೋಡದೆಯೇ ಮುದುಕಿಯಾಗಿ ತೀರಿಕೊಂಡರು. ಊರಲ್ಲಿ ಯಾರಾರದ್ದೋ ಸಾವಿರಾರು ಮುಖಗಳನ್ನು ತೆಗೆದ ಮನುಷ್ಯನ ಮನೆಯಲ್ಲಿ ಆ ಒಂದು ಮುಖ ಇರಲಿಲ್ಲ.

ಅದರ ಹಿಂದಿನ ನವೆಂಬರಿನಲ್ಲಿ ಆರಿನ್ ಒಂದು ಮಗುವಿನ ಫೋಟೋ ತೆಗೆಯುತ್ತಿರುವಾಗ ಅದರ ತಂದೆ ಎದ್ದು ನಿಂತ. ಆರಿನ್‌ರ ಹಳೆಯ ಕ್ಯಾಮೆರಾ ಒತ್ತಿದಾಗಲೆಲ್ಲ ಖಟಕ್ ಎನ್ನುತ್ತದೆ. "ಅದನ್ನ ನಿಲ್ಲಿಸಿ," ಎಂದ ಅವನು. "ಪ್ರತಿ ಸಲ ಯಾರೋ ಬಾಗಿಲು ಹಾಕ್ದಂಗಾಗುತ್ತೆ." ಆರಿನ್ ಕ್ಷಮೆ ಕೇಳಿ ಹೊರಗೆ ಬಂದರು. ಆ ತಂದೆಯದ್ದು ತಪ್ಪೆಂದು ನಾವ್ಯಾರೂ ಹೇಳುವ ಹಾಗಿರಲಿಲ್ಲ. ಇನ್ನು ಮುಂದೆ ಸದ್ದಿಲ್ಲದ ಕ್ಯಾಮೆರಾ ತನ್ನಿ ಎಂದು ಆಸ್ಪತ್ರೆಯವರು ಕೇಳಿಕೊಂಡರು. ಲೂಥರನ್ ಚರ್ಚಿನ ಹೆಂಗಸರು ತಾವು ಹೊಲಿದ ಕೌದಿಗಳನ್ನು ಹರಾಜು ಹಾಕಿ, ಒಂದು ಕ್ಯಾಮೆರಾಕ್ಕೆ ಸಾಕಾಗುವಷ್ಟು ಕೂಡಿಸಿಕೊಟ್ಟರು. ಒಂದಕ್ಕೆ ಮಾತ್ರ. ಮೂವರೂ ಅದನ್ನೇ ಬಳಸಬೇಕು.

ಈಗಿನ ಹೊಸ ಕ್ಯಾಮೆರಾಗಳಲ್ಲಿ ಸದ್ದನ್ನು ಪೂರ್ತಿ ನಿಲ್ಲಿಸಬಹುದು, ನಿಕಾನ್ ಆಗಲಿ ಕ್ಯಾನನ್ ಆಗಲಿ. ಹಾಗಾಗಿ ಪ್ರಶ್ನೆ ಉಳಿದದ್ದು ಕೈಗಳದ್ದು. ಜನೀನ್ ಕೂಡ ನಿಕಾನ್ ಕಡೆಯವಳೇ. ಲೆಕ್ಕ ಹಾಕಿದರೆ ಉತ್ತರ ಸುಲಭವಿತ್ತು. ಕ್ಯಾಮೆರಾ ಅಂಗಡಿಯ ವಿನ್ಸ್ ನಿಕಾನನ್ನು ಒಂದು ವಾರ ಇಟ್ಟುಕೊಂಡು ನೋಡಿ ಎಂದು ನನ್ನ ಕೈಗೆ ಕೊಟ್ಟು, ಶುಕ್ರವಾರದೊಳಗೆ ಹೇಳಬೇಕೆಂದ.

ಮಾರನೆಯ ದಿನ ಬೆಳಿಗ್ಗೆ ಆರಿನ್ ಮತ್ತು ನಾನು ಹಡಗುಕಟ್ಟೆಯ ಹತ್ತಿರದ ಹೋಟೆಲಿನಲ್ಲಿ ಕಾಫಿಗೆ ಕೂತೆವು. ಅದಿರಿನ ಹಡಗುಗಳೆಲ್ಲ ಮಂಜುಗಡ್ಡೆಯ ನಡುವೆ ಸುಮ್ಮನೆ ನಿಂತಿದ್ದವು. ನಾನು ಹೊಸ ಕ್ಯಾಮೆರಾ ತೆಗೆದು, ಅವರು ಬ್ಲೂಬೆರಿ ಪೈ ಬಾಯಿಗಿಡುವಾಗ ಒತ್ತಿದೆ.

"ತೆಗೆದ್ಯಾ?" ಎಂದರು.

"ತೆಗೆದೆ. ಮೀಸೇಲಿ ಪೈ ಅಂಟ್ಕೊಂಡಿರೋದೂ ಬಂದಿದೆ."

"ಉಸಿರೇ ಎತ್ತಲ್ವಲ್ಲೇ ಇದು. ನಿಮ್ಮ ನಾರ್ವೆಯವರಿಗೆ ಹೇಳಿ ಮಾಡಿಸ್ದಂಗಿದೆ. ಒಳಗೇನಿದ್ರೂ ಬಾಯಿ ಬಿಡಲ್ಲ." ನನ್ನ ಹಿರಿಯರು ನಾರ್ವೆಯಿಂದ ಬಂದವರು, ಅವರ ಹಿರಿಯರು ಫಿನ್‌ಲ್ಯಾಂಡಿನಿಂದ.

"ನಿಮ್ಮ ಫಿನ್ನರು ಮಹಾ ಮಾತುಗಾರರು, ಪಾಪ. ಸೌನಾದ ಬಿಸಿ ಕೋಣೇಲಿ ಕೂತ್ರೆ ಬೆವರು ಬರುತ್ತೇ ಹೊರತು ಮಾತು ಬರಲ್ಲ."

"ಮಾತಾಡಿದ್ರೆ ಬಿಸಿ ಆಚೆ ಹೋಗ್ಬಿಡುತ್ತೆ ಕಣೇ."

ನಕ್ಕೆವು. ಆಮೇಲೆ ಅವರು ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡು ಕಿಟಕಿಯಾಚೆಯ ಹಡಗಿಗೆ ಗುರಿ ಹಿಡಿದರು. ಗಂಟು ಕಟ್ಟಿದ ಬೆರಳುಗಳು ರಿಂಗನ್ನು ತಿರುಗಿಸಿದವು. ಹಡಗು ಹತ್ತಿರ ಬರುವ ಬದಲು ದೂರ ಹೋಗಿರಬೇಕು. ಅವರು ಕ್ಯಾಮೆರಾವನ್ನು ಮೇಜಿನ ಮೇಲಿಟ್ಟರು.

"ಇದನ್ನೇ ತಗೊ ಮಾರಿಟ್. ನೀವಿಬ್ರು ಇದೀರ, ನಾನೊಬ್ಬ."

"ನೀವು ಕಲೀಬೇಕಪ್ಪ. ಒಂದು ತಿಂಗಳು ಒದ್ದಾಡಿದ್ರೆ ಬರುತ್ತೆ."

"ಈ ಬೆರಳಿಗೆ ಗೊತ್ತಿರೋದು ಒಂದೇ ದಿಕ್ಕು. ಆ ಕೋಣೇಲಿ ನಿಂತ್ಕೊಂಡು, ಇದನ್ನ ಯಾವ ಕಡೆ ತಿರುಗಿಸ್ಲಿ ಅಂತ ತಡಕಾಡೋ ಮುದುಕನ್ನ ಆ ತಾಯಿ ಯಾಕೆ ನೋಡ್ಬೇಕು ಹೇಳು? ನಿಮಗೆ ಬೆಳಕು ಗಿಳಕು ಹಿಡ್ಕೊಂಡು ನಿಂತಿರ್ತೀನಿ. ಬೇಜಾರಾದ್ರೆ ಕೆರೆ ಮೇಲಿನ ಮಂಜುಗಡ್ಡೆ ಕೊರ್ಕೊಂಡು ಮೀನು ಹಿಡೀತೀನಿ."

ಅವರು ಅದನ್ನು ಹಗುರವಾಗಿಯೇ ಹೇಳಿದರು. ಆದರೆ ಲೋರ್ನಾ ಹೋದ ಮೇಲೆ ಆ ಮನುಷ್ಯ ಶೇವ್ ಮಾಡಿಕೊಂಡು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತಿದ್ದುದು ಆಸ್ಪತ್ರೆಯಿಂದ ಕರೆ ಬಂದ ದಿನ ಮಾತ್ರ. ನಾನು ನಿಕಾನ್ ಎಂದರೆ ಅವರ ಆ ಕೆಲಸ ಮುಗಿಯಿತು. ಕ್ಯಾನನ್ ಎಂದರೆ ಮುದುಕನ ಮೇಲೆ ಕನಿಕರಪಟ್ಟು, ತಾಯಂದಿರ ಮುಂದೆ ನಾವಿಬ್ಬರು ತಡಕಾಡುವ ಹಾಗಾಯಿತು. ಕನಿಕರವೆಂದು ಗೊತ್ತಾದರೆ ಅವರು ನನ್ನ ಜೊತೆ ಕಾಫಿಗೂ ಬರುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ನರ್ಸ್ ಡೆನಿಸ್ ಫೋನ್ ಮಾಡಿದಳು. ಹೆಣ್ಣು ಮಗು, ದಿನ ತುಂಬಿತ್ತು, ಹಿಂದಿನ ದಿನ ಹುಟ್ಟಿದೆ, ಉಸಿರಿರಲಿಲ್ಲ. ತಾಯಿಯ ಹೆಸರು ಟೆಸ್ಸಾ, ತಂದೆ ಬ್ರೋಡಿ. ಮಗುವಿಗೆ ಓಪಲ್ ಎಂದು ಹೆಸರಿಟ್ಟಿದ್ದಾರೆ. ನಾನು ಆರಿನ್‌ರನ್ನು ಕರೆದುಕೊಂಡು ಹೊರಟೆ. ಅವರು ತಮ್ಮ ಹಳೆಯ ಕ್ಯಾಮೆರಾದ ಚೀಲವನ್ನೂ ಹೆಗಲಿಗೆ ಹಾಕಿಕೊಂಡಿದ್ದರು. ಆ ಚಳಿಯಲ್ಲಿ ಕ್ಯಾಮೆರಾವನ್ನು ಕಾರಿನಲ್ಲಿ ಬಿಡುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ.

ಕೋಣೆಯಲ್ಲಿ ಪರದೆ ಅರ್ಧ ಸರಿಸಿತ್ತು. ಟೆಸ್ಸಾ ದಿಂಬಿಗೆ ಒರಗಿದ್ದಳು. ಮಗು ಅವಳ ಮಡಚಿದ ತೋಳಿನಲ್ಲಿತ್ತು, ತಲೆಗೆ ಹಳದಿ ಉಣ್ಣೆ ಟೋಪಿ. ಅವಳು ಮಗುವನ್ನು ನೋಡುತ್ತಿರಲಿಲ್ಲ, ಎದುರಿನ ಗೋಡೆಯನ್ನು ನೋಡುತ್ತಿದ್ದಳು. ಬ್ರೋಡಿ ನಮಗೆ ಬೆನ್ನು ಹಾಕಿ, ಕಿಟಕಿಯ ಹತ್ತಿರ ನಿಂತಿದ್ದ. ನಾವು ಯಾರೆಂದು ಡೆನಿಸ್ ಪಿಸುಮಾತಿನಲ್ಲಿ ಹೇಳಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು.

ನಾನು ಕೆಲಸ ಶುರು ಮಾಡಿದೆ. ಆರಿನ್ ಬಿಳಿ ಹಲಗೆ ಹಿಡಿದು ಕಿಟಕಿಯ ಬೆಳಕನ್ನು ಮಗುವಿನ ಕೆನ್ನೆಗೆ ತಿರುಗಿಸಿದರು. ನಾನು ಕಿವಿ ತೆಗೆದೆ, ಮುಚ್ಚಿದ ಮುಷ್ಟಿ ತೆಗೆದೆ, ಪಾದ ತೆಗೆದೆ. ಕ್ಯಾಮೆರಾ ಬಾಯಿ ಬಿಡಲಿಲ್ಲ. ಎಷ್ಟು ನೀಟಾಗಿ ಕೆಲಸ ನಡೆಯುತ್ತಿದೆ ಎಂದು ನನ್ನೊಳಗೆ ಸಮಾಧಾನವೂ ಆಗುತ್ತಿತ್ತು.

"ಯಾವಾಗ ಶುರು ಮಾಡ್ತೀರ?" ಎಂದಳು ಟೆಸ್ಸಾ.

"ಆಗ್ಲೇ ಸುಮಾರು ತೆಗೆದಿದೀನಮ್ಮ."

"ನಂಗೇನೂ ಕೇಳಿಸ್ಲಿಲ್ಲ."

"ಇದು ಸದ್ದು ಮಾಡಲ್ಲ. ನಿಮಗೆ ತೊಂದ್ರೆ ಆಗ್ಬಾರ್ದು ಅಂತ."

"ನಿನ್ನೆಯಿಂದ ಎಲ್ರೂ ಹೀಗೇ," ಎಂದಳು. "ಮೆಲ್ಲಗೆ ಬರ್ತಾರೆ, ಮೆಲ್ಲಗೆ ಹೋಗ್ತಾರೆ. ಪಿಸಪಿಸ ಅಂತಾರೆ. ಇವಳೂ ಸದ್ದು ಮಾಡ್ಲಿಲ್ಲ. ಯಾರಾದ್ರೂ ಏನಾದ್ರೂ ಸದ್ದು ಮಾಡಿ, ದಮ್ಮಯ್ಯ. ಇಲ್ಲೊಂದು ಮಗು ಇದೆ."

ಸದ್ದು ಮತ್ತೆ ಬರುವ ಹಾಗೆ ಮಾಡಲು ಆ ಕ್ಯಾಮೆರಾದಲ್ಲೂ ಒಂದು ದಾರಿಯಿತ್ತು. ಆದರೆ ಅದು ಅಂಗಡಿಯದ್ದು, ಹೊಸದು. ನಾನು ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯಲ್ಲಿ ಒಂದೊಂದೇ ಮೆನು ತೆರೆದು ಹುಡುಕಿದೆ. ಸಿಗಲಿಲ್ಲ. ಯಾವ ತಡಕಾಟಕ್ಕೆ ಹೆದರಿ ಆರಿನ್ ಹಿಂದೆ ಸರಿದಿದ್ದರೋ ಆ ತಡಕಾಟವನ್ನು ಆ ತಾಯಿಯ ಮುಂದೆ ನಾನೇ ಮಾಡುತ್ತಿದ್ದೆ.

"ಆರಿನ್, ನಿಮ್ಮದು ತೆಗೀರಿ," ಎಂದೆ.

ಅವರು ಹಲಗೆಯನ್ನು ನನಗೆ ಕೊಟ್ಟರು, ಆದರೆ ಚೀಲಕ್ಕೆ ಕೈ ಹಾಕಲಿಲ್ಲ. ಕಿಟಕಿಯ ಕಡೆ ತಿರುಗಿ, "ಅಪ್ಪಾ, ನನ್ನ ಕ್ಯಾಮೆರಾ ಜೋರಾಗಿ ಬಡಿಯುತ್ತೆ. ಕೆಲವ್ರಿಗೆ ಸಹಿಸೋಕಾಗಲ್ಲ. ಪರವಾಗಿಲ್ವಾ?" ಎಂದರು.

ಬ್ರೋಡಿ ತಿರುಗದೆಯೇ, "ಅವಳು ಹೇಳಿದ ಹಾಗೆ ಮಾಡಿ ಸರ್," ಎಂದ.

ಆರಿನ್ ಕ್ಯಾಮೆರಾ ತೆಗೆದರು. ಬೆರಳುಗಳು ನೋಡದೆಯೇ ರಿಂಗನ್ನು ತಿರುಗಿಸಿದವು. ಖಟಕ್. ಆ ಕೋಣೆಯಲ್ಲಿ ಅದು ಬಹಳ ದೊಡ್ಡದಾಗಿ ಕೇಳಿಸಿತು. ಬ್ರೋಡಿಯ ಹೆಗಲು ಅಲುಗಿತು. ಟೆಸ್ಸಾ ಕಣ್ಣು ಮುಚ್ಚಿಕೊಂಡಳು.

"ಇನ್ನೊಂದು," ಎಂದಳು.

ಖಟಕ್.

ಆಗ ಅವಳು ತಲೆ ತಗ್ಗಿಸಿ ಮಗುವನ್ನು ನೋಡಿದಳು. ನಾವು ಬಂದ ಮೇಲೆ ಮೊದಲ ಸಲ. ಟೋಪಿಯನ್ನು ಹಣೆಯಿಂದ ಸ್ವಲ್ಪ ಮೇಲೆ ಸರಿಸಿ, ಮಗುವಿನ ಮುಖವನ್ನು ಕ್ಯಾಮೆರಾದ ಕಡೆ ತಿರುಗಿಸಿದಳು.

"ಇಲ್ಲಿ ನೋಡು ಓಪಲ್," ಎಂದಳು. "ನೋಡು ಪುಟ್ಟಾ, ತಾತ ಫೋಟೋ ತೆಗೀತಿದಾರೆ."

ನಾನು ವರ್ಷಕ್ಕೆ ನೂರಾರು ತಾಯಂದಿರ ಬಾಯಲ್ಲಿ ಈ ಮಾತು ಕೇಳುವವಳು. ಅಂಥ ಮಾತು ಬಂದ ಕೂಡಲೇ ಗಬಕ್ಕನೆ ಒತ್ತುವುದು ನನ್ನ ಕಸುಬು. ಆ ದಿನ ಕ್ಯಾಮೆರಾ ನನ್ನ ಕೈಯಲ್ಲಿದ್ದಿದ್ದರೂ ಹಾಗೆಯೇ ಒತ್ತಿಬಿಡುತ್ತಿದ್ದೆ. ಆರಿನ್ ಒತ್ತಲಿಲ್ಲ. ಕ್ಯಾಮೆರಾವನ್ನು ಕಣ್ಣಿಗಿಟ್ಟುಕೊಂಡು ಕಾದರು. ಮಗು ಅತ್ತಿತ್ತ ನೋಡಿ ತಮ್ಮ ಕಡೆ ತಿರುಗಲಿ ಎಂದು ಕಾಯುತ್ತೇವಲ್ಲ, ಅಷ್ಟು ಹೊತ್ತು ಕಾದರು. ಆಮೇಲೆ ಒತ್ತಿದರು.

"ಚೆನ್ನಾಗಿ ಬಂತು ಕಣಮ್ಮ," ಎಂದರು. "ಜಾಣೆ ಇವಳು. ಒಂಚೂರೂ ಅಲುಗಾಡ್ಲಿಲ್ಲ."

ಈ ಮಾತಿಗೆ ಟೆಸ್ಸಾ ನಕ್ಕಳು. ಅಳುತ್ತಲೇ ನಕ್ಕಳು. ಕಿಟಕಿಯ ಹತ್ತಿರ ಬ್ರೋಡಿ ಎರಡೂ ಕೈಯಿಂದ ಕೂದಲು ಒತ್ತಿಕೊಂಡ, ಅಂಗಿಯ ಕಾಲರು ಸರಿ ಮಾಡಿಕೊಂಡ. ಆಮೇಲೆ ಬಂದು ಹೆಂಡತಿಯ ಪಕ್ಕದಲ್ಲಿ ಕೂತು, ಮಗುವಿನ ಬೆನ್ನ ಕೆಳಗೆ ಕೈ ಹಾಕಿ, ಕ್ಯಾಮೆರಾ ನೋಡಿದ. ಆರಿನ್ ಅವರಿಬ್ಬರೂ ಸಾಕೆನ್ನುವವರೆಗೆ ತೆಗೆದರು. ನಾನು ಬೆಳಕು ಹಿಡಿದು ನಿಂತಿದ್ದೆ.

ಕೆಳಗೆ ಕಾರಿನಲ್ಲಿ ಕೂತು ಎಂಜಿನ್ ಬಿಸಿಯಾಗುವವರೆಗೆ ಕಾಯುತ್ತಿರುವಾಗ ನಾನು ಅಂಗಡಿಗೆ ಫೋನ್ ಮಾಡಿ, ಕ್ಯಾನನ್ ತೆಗೆದಿಡು ಎಂದೆ. ಜ್ವರ ಗಿರ ಬಂದಿದೆಯಾ ಎಂದು ವಿನ್ಸ್ ಕೇಳಿದ.

"ಏನೇ ಇದು?" ಎಂದರು ಆರಿನ್. ಮುಖ ಬಿಗಿಯಾಗಿತ್ತು. "ನನಗೋಸ್ಕರ ಮಾಡ್ಬೇಡ. ನಂಗದೆಲ್ಲ ಬೇಕಿಲ್ಲ."

"ನಿಮಗೋಸ್ಕರ ಯಾರು ಮಾಡಿದ್ರು? ರಿಂಗ್ ತಿರುಗಿಸೋದು ನಾನೂ ಜನೀನೂ ಕಲೀತೀವಿ, ಮನೇಲಿ ಕೂತ್ಕೊಂಡು. ಅವಳು 'ಇಲ್ಲಿ ನೋಡು' ಅಂದಾಗ ನೀವು ಕಾದ್ರಲ್ಲ, ಅದನ್ನ ನಾನು ಎಲ್ಲಿ ಹೋಗಿ ಕಲೀಲಿ? ಹೊಸದರಲ್ಲಿ ಸದ್ದು ಬೇಕು ಅಂದ್ರೆ ಸದ್ದು, ಬೇಡ ಅಂದ್ರೆ ಇಲ್ಲ. ಮೊದ್ಲು ತಾಯಿನ ಕೇಳೋಣ. ಆದ್ರೆ ಕೋಣೆಗೆ ಹೋಗ್ಬೇಕಾದವರು ನೀವು."

ಅವರು ಕ್ಯಾಮೆರಾದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಗಾಜನ್ನು ನೋಡುತ್ತಿದ್ದರು. ಗಾಜಿನ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ, ಆಚೆ ಏನೂ ಕಾಣುತ್ತಿರಲಿಲ್ಲ.

"ಓಪಲ್ ಅಂದ್ಳಲ್ಲ ಆ ಹುಡುಗಿ," ಎಂದರು ಕೊನೆಗೆ. "ಲೋರ್ನಾನೂ ನಮ್ಮವನಿಗೆ ಒಂದು ಹೆಸರಿಟ್ಟಿರ್ತಾಳೆ. ಮನಸ್ಸಲ್ಲೇ. ಇಟ್ಟೇ ಇರ್ತಾಳೆ. ಅಷ್ಟು ವರ್ಷ ಒಂದೇ ಮನೇಲಿದ್ವಿ ಮಾರಿಟ್, ನಾನು ಏನು ಅಂತ ಕೇಳ್ಲಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಗಾಜು ತಿಳಿಯಾದ ಮೇಲೂ ಬಹಳ ಹೊತ್ತು ನಾವು ಅಲ್ಲಿಂದ ಹೊರಡಲಿಲ್ಲ.