ಅಪ್ಪ-ಅಮ್ಮಂದಿರ ಕೋಣೆ

ರಾತ್ರಿ ಪಾಳಿ ಮುಗಿಸಿ ಮಲಗದೆ ಬಂದಿದ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ತೂಕಡಿಸಿ ಮಗಳು ಎರಿನ್‌ಳ ಭುಜಕ್ಕೆ ಒರಗಿದ್ದೆ. ಮ್ಯಾಂಚೆಸ್ಟರಿನಲ್ಲಿ ಯೂನಿವರ್ಸಿಟಿಗಳಿಗೇನೂ ಬರವಿಲ್ಲ. ಬಾಗಿಲು ತೆರೆದಿಟ್ಟು, ‘ಬನ್ನಿ, ನಮ್ಮಲ್ಲೇ ಓದಿ’ ಎಂದು ಕರೆಯುವ ಶನಿವಾರ ಅದು.

ಓದಬೇಕಾದವಳು ನಾನು, ನಲವತ್ತಾರು ದಾಟಿದ ಲೊರೇನ್. ಸೂಲಗಿತ್ತಿ ಡಿಗ್ರಿ ಮಾಡಬೇಕೆಂದು ಆಸೆ. ವೃದ್ಧಾಶ್ರಮದಲ್ಲಿ ಇಷ್ಟು ವರ್ಷ ಹೋಗುವವರ ಕೈ ಹಿಡಿದು ಕೂತು ಸಾಕಾಗಿದೆ. ಇನ್ನಾದರೂ ಬರುವವರನ್ನು ಎತ್ತಿಕೊಳ್ಳೋಣ ಅನ್ನಿಸಿದೆ. ಅದಕ್ಕೆಂದೇ ಸಂಜೆ ಕಾಲೇಜಿಗೂ ಹೋಗುತ್ತಿದ್ದೇನೆ. ಕಳೆದ ವರ್ಷ ಗೇಟಿನವರೆಗೆ ಬಂದು, ಹುಡುಗರ ಹಿಂಡು ನೋಡಿ ನಾಚಿ ವಾಪಸಾಗಿದ್ದೆ. ಈ ಸಲವೂ ಬಾಯಿ ಬಿಡದಿದ್ದರೆ ಈ ಆಸೆಗೆ ಎಳ್ಳುನೀರು ಬಿಡುವುದೆಂದು ತೀರ್ಮಾನಿಸಿ, ಧೈರ್ಯಕ್ಕಿರಲಿ ಎಂದು ಎರಿನ್‌ಳನ್ನು ಕರೆತಂದೆ. ಎಡವಿದ್ದೇ ಅಲ್ಲಿ.

ಮೊದಲ ಯೂನಿವರ್ಸಿಟಿಯ ಬಾಗಿಲಲ್ಲಿ ನೇರಳೆ ಟೀ ಶರ್ಟಿನ ಹುಡುಗಿಯೊಬ್ಬಳು ಬಟ್ಟೆಚೀಲ, ಪೆನ್ನು ಎಲ್ಲವನ್ನೂ ಎರಿನ್ ಕೈಗಿತ್ತು, “ಏನು ಓದ್ಬೇಕು ಅಂತಿದ್ದೀಯಾ?” ಎಂದು ಕೇಳಿದಳು. ನನಗೆ ಸಿಕ್ಕಿದ್ದು ಚಹಾದ ಚೀಟಿ.

“ಅಪ್ಪ-ಅಮ್ಮಂದಿರಿಗೆ ಆ ಕಡೆ ಬೇರೆ ಕೋಣೆ ಇದೆ. ಬಿಸ್ಕೆಟ್ಟೂ ಇಟ್ಟಿದ್ದೀವಿ.”

ಓದುವವಳು ನಾನೇ ಎಂದು ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ. ನನ್ನ ಮುಖ ನೋಡಿ ಎರಿನ್ನೇ, “ಸೂಲಗಿತ್ತಿ ಕೋರ್ಸು” ಅಂದುಬಿಟ್ಟಳು. ಪಾಪ, ಅಮ್ಮನ ಮಾನ ಉಳಿಸಲು ಹೋದಳು. ಅವಳಿಗೆ ಬೇಕಿರುವುದು ಸೋದರಮಾವನ ಜೊತೆ ಬಾಯ್ಲರ್ ರಿಪೇರಿ ಕಲಿಯುವುದು. ಯೂನಿವರ್ಸಿಟಿ ಎಂದರೆ ಆಕಳಿಸುತ್ತಾಳೆ.

ಆಮೇಲೆ ಆ ಸುಳ್ಳು ನಮ್ಮನ್ನು ದರದರ ಎಳೆದುಕೊಂಡು ಹೋಯಿತು. ಸೂಲಗಿತ್ತಿ ಕೋರ್ಸಿನ ಭಾಷಣಕ್ಕೆ ಓದುವವರು ಮಾತ್ರ ಹೋಗಬೇಕಂತೆ. ಎರಿನ್ ಹೋದಳು. ನಾನು ಅಪ್ಪ-ಅಮ್ಮಂದಿರ ನಡುವೆ ಕೂತು, ಹಾಸ್ಟೆಲಿನ ಮಂಚ ಎಷ್ಟು ಅಗಲ, ಅಡುಗೆಮನೆಯಲ್ಲಿ ಯಾರ ಬೆಣ್ಣೆ ಯಾರು ಕದಿಯುತ್ತಾರೆ ಎಂಬುದನ್ನೆಲ್ಲ ಕೇಳಿದೆ. ನಡುವೆ ಪಕ್ಕದವನು ಮೊಣಕೈಯಲ್ಲಿ ತಿವಿದು, “ಗೊರಕೆ ಹೊಡೀತಿದ್ದೀರಿ” ಎಂದ.

ಎರಿನ್ ಹೊರಬಂದಾಗ ಮುಖ ಬಿಳಿಚಿಕೊಂಡಿತ್ತು.

“ಅಮ್ಮಾ, ವಿಡಿಯೋ ತೋರಿಸಿದ್ರು. ಪೂರ್ತಿ! ನಾನು ಈ ಜನ್ಮದಲ್ಲಿ ಹೆರಲ್ಲ.”

“ಕೋರ್ಸಿನ ಬಗ್ಗೆ ಏನು ಹೇಳಿದ್ರು?”

“ಕಣ್ಣು, ಕಿವಿ ಎರಡೂ ಮುಚ್ಕೊಂಡಿದ್ದೆ, ನಂಗೇನು ಗೊತ್ತು? ನೀನ್ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಾ? ಮುಂದಿನ ಕಡೆ ನೀನೇ ಹೇಳು.”

“ಹೇಳ್ತೀನಿ ಮಾರಾಯ್ತಿ.”

ಮುಂದಿನ ಯೂನಿವರ್ಸಿಟಿಯಲ್ಲೂ ಹೇಳಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಕೊನೆಯ ಯೂನಿವರ್ಸಿಟಿ ತಲುಪುವಾಗ ಸಂಜೆಯಾಗಿತ್ತು. ಅಲ್ಲೂ ಬಾಗಿಲಲ್ಲಿ ನನ್ನ ಕೈಗೆ ಬಂದಿದ್ದು ಚಹಾದ ಚೀಟಿಯೇ. ಮೇಜಿನ ಹಿಂದೆ ಗ್ಲೆನಿಸ್ ಎಂಬ ಉಪನ್ಯಾಸಕಿ ಆಗಲೇ ಕೋಟು ತೊಟ್ಟು, ಉಳಿದ ಪೆನ್ನುಗಳನ್ನು ಡಬ್ಬಕ್ಕೆ ತುಂಬುತ್ತಿದ್ದಳು. ಅವಳೂ ನನ್ನಷ್ಟೇ ಸೋತಿದ್ದಳು. ಎರಿನ್ ಕಡೆ ತಿರುಗಿ ಕೇಳಿದಳು: “ಹೇಳು ಮರಿ, ಸೂಲಗಿತ್ತಿ ಯಾಕೆ ಆಗ್ಬೇಕು ನಿಂಗೆ?”

ಎರಿನ್ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

“ಮಕ್ಕಳು... ಮುದ್ದಾಗಿರ್ತವಲ್ಲ, ಅದಕ್ಕೆ.”

“ಬೆಳಗಿಂದ ಎಲ್ಲರೂ ಇದನ್ನೇ ಹೇಳಿದ್ರು” ಎಂದು ಗ್ಲೆನಿಸ್ ಡಬ್ಬದ ಮುಚ್ಚಳ ಹಾಕಿದಳು.

ಆ ಮುಚ್ಚಳ ನೋಡಿ ನನಗೆ ಎಲ್ಲಿತ್ತೋ ಸಿಟ್ಟು ಬಂತು.

“ಮುದ್ದಾಗಿರಲ್ಲ” ಅಂದೆ. “ಮುಖ ಊದ್ಕೊಂಡಿರುತ್ತೆ, ಮೈಯೆಲ್ಲ ಜಾರುತ್ತೆ. ಇವಳು ಹುಟ್ಟಿದಾಗ ತೊಳೆಯದ ಬೀಟ್‌ರೂಟ್ ಥರ ಇದ್ಳು.”

“ಅಮ್ಮಾ!”

“ಸುಮ್ನಿರು. ಅವತ್ತು ನಂಗೆ ಸತ್ತೇ ಹೋಗ್ತೀನಿ ಅನ್ನೋಷ್ಟು ಭಯ ಆಗಿತ್ತು. ಅಲ್ಲಿದ್ದ ಸೂಲಗಿತ್ತಿ ಪಾಳಿ ಮುಗಿಸಿ ಹೊರಟಿದ್ಳು. ಹಾಕ್ಕೊಂಡಿದ್ದ ಕೋಟನ್ನ ಬಿಚ್ಚಿಟ್ಟು ಬಂದು ನನ್ನ ಪಕ್ಕ ಕೂತ್ಲು. ಬೇರೆಯವರಿಗೆ ಭಯ ಆದಾಗ ಎದ್ದು ಹೋಗದೆ ಕೂರೋದು, ಅದು ನಂಗೂ ಬರುತ್ತೆ. ವೃದ್ಧಾಶ್ರಮದಲ್ಲಿ ರಾತ್ರಿ ಎಲ್ಲ ಅದನ್ನೇ ಮಾಡ್ತೀನಿ. ಉಳಿದದ್ದು ಕಲೀಬೇಕು.”

ಅಳು ಬರುವುದರಲ್ಲಿತ್ತು.

“ಅಬ್ಬಾ, ಬಂತಪ್ಪಾ ಮಾತು ಬಾಯಿಗೆ!” ಎಂದಳು ಎರಿನ್.

ಗ್ಲೆನಿಸ್ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದಳು. ನನ್ನ ಮುಷ್ಟಿಯಲ್ಲಿ ಮುದುರಿದ್ದ ಚಹಾದ ಚೀಟಿಯನ್ನು ಬಿಡಿಸಿ ತೆಗೆದು ಎರಿನ್ ಕೈಗಿಟ್ಟಳು.

“ಅಪ್ಪ-ಅಮ್ಮಂದಿರ ಕೋಣೆ ಕೆಳಗಿದೆ. ಹೋಗಿ ಬಿಸ್ಕೆಟ್ ತಿಂತಾ ಕೂತಿರು. ನಮಗೆ ಸ್ವಲ್ಪ ಹೊತ್ತಾಗುತ್ತೆ.”

ಎರಿನ್ ತಿರುಗಿಯೂ ನೋಡದೆ ಓಡಿದಳು.

“ನೀವು ಕೂತ್ಕೊಳ್ಳಿ. ನಿಮ್ಮ ಹೆಸರೇನು?” ಎಂದು ಕೇಳಿ, ಗ್ಲೆನಿಸ್ ತನ್ನ ಕೋಟು ಬಿಚ್ಚಿ ಕುರ್ಚಿಗೆ ನೇತುಹಾಕಿ ಕೂತಳು.