ಮರೆಗುಳಿಯ ಕಟಿಂಗ್ ಶಾಪು

ಎದುರಿನ ಹೊಸ ಸಲೂನಿನವರು ಗಿರಾಕಿಗಳ ಹುಟ್ಟಿದ ದಿನಕ್ಕೆ ಮೆಸೇಜ್ ಕಳಿಸುತ್ತಾರೆಂಬ ಸುದ್ದಿ ಕಿವಿಗೆ ಬಿದ್ದ ದಿನವೇ ಕ್ಷೌರಿಕನಿಗೆ ತನ್ನ ಅಂಗಡಿಯ ರೋಗ ಯಾವುದೆಂದು ಖಚಿತವಾಯಿತು. ರೋಗ ಅವನ ತಲೆಯಲ್ಲೇ ಇತ್ತು. ಕತ್ತರಿ ಹಿಡಿದರೆ ಕೈ ತಪ್ಪುತ್ತಿರಲಿಲ್ಲ. ಆದರೆ ಗಿರಾಕಿ ಎದ್ದು ಹೊಸ್ತಿಲು ದಾಟುವುದರೊಳಗೆ ಅವನಾಡಿದ ಮಾತೆಲ್ಲ ಕೂದಲಿನ ಜೊತೆಗೇ ಗುಡಿಸಿಹೋಗುತ್ತಿತ್ತು. ಮಾವ ತೀರಿಕೊಂಡರೆಂದು ಹೇಳಿ ಹೋದವರನ್ನೇ ಮುಂದಿನ ಸಲ "ಮಾವ ಆರಾಮಾ?" ಎಂದು ಕೇಳಿದ್ದ. ಬೀದಿಯವರು ಅವನನ್ನು ಮರೆಗುಳಿ ಎಂದೇ ಕರೆಯುತ್ತಿದ್ದರು. ಈಗ ಬೆಂಚಿನ ಮೇಲೆ ಕಾಯುವವರು ಕಡಿಮೆಯಾಗಿದ್ದರು. ಹೀಗೇ ನಡೆದರೆ ಅಂಗಡಿ ಮುಚ್ಚಿ ಆ ಸಲೂನಿನಲ್ಲೇ ಕೆಲಸ ಕೇಳಬೇಕಾಗುತ್ತಿತ್ತು.

"ಅದಕ್ಯಾಕೆ ಮುಖ ಊದಿಸ್ಕೊಂಡು ಕೂತಿದೀರ? ನಿಮ್ಮ ಬದಲು ಫೋನು ನೆನಪಿಟ್ಕೊಳ್ಳುತ್ತೆ," ಎಂದಳು ಹೆಂಡತಿ. ಅವಳು ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಬಟ್ಟೆಯ ಮೇಲಿನ ಕಲೆಯ ಫೋಟೋ ತೆಗೆದರೆ ಆ ಕಲೆಯನ್ನು ಯಾವುದರಿಂದ ತೆಗೆಯಬೇಕೆಂದು ಹೇಳುವ ಒಂದು ಎಐ ಸಹಾಯಕನನ್ನು ಫೋನಿನಲ್ಲಿ ತಾನೇ ಮಾಡಿಕೊಂಡಿದ್ದಳು.

"ನನಗೆ ಕೋಡಿಂಗ್ ಗೀಡಿಂಗ್ ಎಲ್ಲಿ ಬರುತ್ತೆ ಕಣೇ?"

"ನನಗೆ ಬರುತ್ತಾ? ಬಾಯಿದ್ದರೆ ಸಾಕು ರೀ. ಏನು ಬೇಕು ಅಂತ ಬಿಡಿಸಿ ಹೇಳಿ, ತಪ್ಪು ಮಾಡಿದರೆ ತಿದ್ದಿ. ನನ್ನ ಹತ್ತಿರ ಮಾತಾಡೋ ಹಾಗೆ ಅರ್ಧಂಬರ್ಧ ಹೇಳಿದರೆ ಮಾತ್ರ ಅದಕ್ಕೆ ತಿಳಿಯಲ್ಲ."

ಅವನು ಫೋನಿಗೆ ಬಿಡಿಸಿ ಹೇಳಿದ. ನಾನು ಕಟಿಂಗ್ ಮಾಡುವವನು, ಮರೆವು ಜಾಸ್ತಿ. ಯಾರು ಏನು ಹೇಳಿದರೆಂದು ಸಂಜೆ ನಿನಗೆ ಒಪ್ಪಿಸುತ್ತೇನೆ. ಅವರು ಮತ್ತೆ ಬಂದಾಗ ಹೆಸರು ಪಿಸುಗುಟ್ಟುತ್ತೇನೆ, ನೀನು ಅದನ್ನು ಇಯರ್‌ಫೋನಿನಲ್ಲಿ ನನ್ನ ಕಿವಿಗೆ ಹೇಳಬೇಕು. ಫೋನು ಒಪ್ಪಿತು. ಮೊದಲ ಗಿರಾಕಿಯ ಬಗ್ಗೆ ಅದು ಎಂಥ ಭಾಷಣ ಬಿಗಿಯಿತೆಂದರೆ, ಭಾಷಣ ಮುಗಿಯುವ ಮೊದಲೇ ಕಟಿಂಗ್ ಮುಗಿದಿತ್ತು. ಒಂದೇ ವಾಕ್ಯದಲ್ಲಿ ಹೇಳು ಎಂದು ತಿದ್ದಿದ. ಆಗ ಅದು, ಇವರೊಂದಿಗೆ ಸಹಾನುಭೂತಿಯಿಂದ ವರ್ತಿಸಿ ಎಂದು ಬುದ್ಧಿ ಹೇಳತೊಡಗಿತು. ಉಪದೇಶ ಬೇಡ ಎಂದು ಸೇರಿಸಿದ. ಆಮೇಲೆ ಇಬ್ಬರು ದರ್ಜಿಗಳನ್ನು ಬೆರೆಸಿ ಒಬ್ಬನ ಮೂಲವ್ಯಾಧಿಯನ್ನು ಇನ್ನೊಬ್ಬನಿಗೆ ಅಂಟಿಸಿತು. ಎಲ್ಲರಿಗೂ ಬೇರೆಬೇರೆ ಅಡ್ಡಹೆಸರು ಕೊಟ್ಟು ಅದನ್ನೂ ಸರಿಮಾಡಿದ. ಆಮೇಲೆ ಅದು ಗಡಿಯಾರದ ಹಾಗೆ ನಡೆಯಿತು.

ಆಗ ಬಂದವನು ಡ್ರೈವರಣ್ಣ. ಸಿಟಿ ಬಸ್ ಓಡಿಸುವವನು. ಅಂಗಡಿ ತೆರೆದಾಗಿನಿಂದ ಬರುತ್ತಿದ್ದವನು, ಬಸ್ ಡಿಪೋದ ಅರ್ಧ ಜನರನ್ನು ತನ್ನ ಜೊತೆ ಕರೆತಂದವನು. ಕ್ಷೌರಿಕ ಅವನ ಎರಡೂ ಕೆನ್ನೆಗೆ ನೊರೆ ಹಚ್ಚಿ, ಒಂದನ್ನು ಬೋಳಿಸಿ, ಕಿವಿಯಲ್ಲಿ ಬಂದ ವಾಕ್ಯ ಕೇಳಿಸಿಕೊಂಡು, ಪ್ರೀತಿಯಿಂದಲೇ ಕೇಳಿದ:

"ಏನಣ್ಣ, ಈ ಭಾನುವಾರಾನೂ ಡಿಪೋದಲ್ಲಿ ಖಾಲಿ ಬಸ್ಸಲ್ಲೇ ಮಲಗಿದ್ರಾ? ಮನೇಲಿ ಅತ್ತಿಗೆ ಇನ್ನೂ ಓವರ್‌ಟೈಮ್ ಅಂತಾನೇ ನಂಬಿದಾರಾ?"

ಬೆಂಚಿನ ಮೇಲಿದ್ದ ಕಂಡಕ್ಟರ್ ಪೇಪರು ಕೆಳಗಿಳಿಸಿದ. "ಓಹೋ," ಎಂದ.

ಡ್ರೈವರಣ್ಣ ಕನ್ನಡಿಯಲ್ಲೇ ಕ್ಷೌರಿಕನನ್ನು ದಿಟ್ಟಿಸಿದ. "ಯಾರು ಹೇಳಿದ್ದು ನಿನಗೆ?"

"ನೀವೇ ಅಣ್ಣ."

"ನಾನೇ ಕಣೋ! ನಿನಗೆ ಹೇಳಿದರೆ ಗೋಡೆಗೆ ಹೇಳಿದ ಹಾಗೆ ಅಂತ ಹೇಳಿದ್ದು. ಗೋಡೆ ಯಾವತ್ತಿಂದ ಮಾತಾಡೋಕೆ ಶುರುಮಾಡ್ತು?"

ಫೋನಿನ ವಿಷಯವನ್ನು ಕ್ಷೌರಿಕ ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದ. ಡ್ರೈವರಣ್ಣ ಟವೆಲ್ಲಿನಿಂದ ನೊರೆ ಒರೆಸಿಕೊಂಡು, ಒಂದು ಕೆನ್ನೆಯ ಗಡ್ಡದೊಂದಿಗೇ ರಸ್ತೆ ದಾಟಿ ಎದುರಿನ ಸಲೂನಿಗೆ ನುಗ್ಗಿದ.

ಸುದ್ದಿ ಹಬ್ಬಿತು. ಡಿಪೋದವರು ಬರುವುದು ನಿಂತಿತು. ಉಳಿದವರು ಬಂದು, "ಸಣ್ಣಗೆ ಹೊಡಿ" ಎಂದು ಬಾಯಿ ಹೊಲಿದುಕೊಂಡು ಕೂರುತ್ತಿದ್ದರು. "ಹೇಗಿದೀರಿ?" ಎಂದರೆ ದರ್ಜಿ, "ಹೇಳಲ್ಲ," ಎಂದ. ಅಂಗಡಿಯಲ್ಲಿ ಕತ್ತರಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ನಿವೃತ್ತ ಮೇಷ್ಟ್ರು ಮಾತ್ರ ನೇರವಾಗಿ ಕೇಳಿದರು. "ನನ್ನ ಬಗ್ಗೆ ಅದರಲ್ಲಿ ಏನಿದೆಯೋ? ಹಾಕು, ಕೇಳೋಣ."

ಫೋನು ಸ್ಪಷ್ಟವಾಗಿ ಓದಿತು: "ಮೇಷ್ಟ್ರು ಓಟದಲ್ಲಿ ಪದಕ ಗೆದ್ದ ಕಥೆಯನ್ನು ಪ್ರತಿಸಲ ಹೇಳುತ್ತಾರೆ, ಪದಕ ಮೊದಲು ಕಂಚಿನದಾಗಿತ್ತು, ಈಗ ಬೆಳ್ಳಿಯದು."

ಮೇಷ್ಟ್ರು ಫೋನಿನತ್ತ ಬಗ್ಗಿದರು. "ಇಷ್ಟೇನಾ?"

"ಇಷ್ಟೇ ಮೇಷ್ಟ್ರೇ. ಒಂದು ವಾಕ್ಯ ಸಾಕು ಅಂತ ನಾನೇ ಹೇಳಿಟ್ಟಿದೀನಿ."

"ಮುಂದಿನ ಸಲ ಚಿನ್ನ ಆಗೋದಿತ್ತು ಕಣೋ," ಎಂದರು ಮೇಷ್ಟ್ರು. "ಹಾಳು ಮಾಡಿದೆ. ನೀನು ಮರೀತೀಯ ಅಂತ ತಾನೇ ನಾವೆಲ್ಲ ಇಲ್ಲಿಗೆ ಬರ್ತಿದ್ದದ್ದು? ಕಟಿಂಗ್ ಎಲ್ಲಿ ಬೇಕಾದರೂ ಮಾಡ್ತಾರೆ."

ಸಂಜೆ ಹೆಂಡತಿಗೆ ಇದನ್ನು ಹೇಳಿದಾಗ ಅವಳು ಪಾತ್ರೆ ತೊಳೆಯುತ್ತಲೇ, "ಹಾಗಾದರೆ ಡಿಪೋಗೆ ಹೋಗಿ ಅವರ ಕಣ್ಣೆದುರೇ ಅಳಿಸಿ ಬನ್ನಿ. ಇಲ್ಲಿ ಅಳಿಸಿದೆ ಅಂದರೆ ಯಾರು ನಂಬ್ತಾರೆ?" ಎಂದಳು.

ಅವನು ಡಿಪೋಗೆ ಹೋದ. ಡ್ರೈವರಣ್ಣನ ಮುಂದೆ ಫೋನು ಹಿಡಿದು, ಸಹಾಯಕನನ್ನೇ ಅಳಿಸಲು ಹೊರಟ. ಅಳಿಸಿದ್ದನ್ನು ಮರಳಿ ಪಡೆಯಲಾಗದು, ಖಚಿತವೇ ಎಂದು ಫೋನು ಕೇಳಿತು. ಖಚಿತ ಎಂದು ಒತ್ತಿದ.

"ಫೋನು ಆಯ್ತು," ಎಂದ ಡ್ರೈವರಣ್ಣ. "ನಿನ್ನ ತಲೇಲಿರೋದು?"

"ಅದರಲ್ಲಿ ಯಾವತ್ತು ಏನಿತ್ತಣ್ಣ?"

ಅದು ಸುಳ್ಳಾಗಿತ್ತು. ದಿನಾ ಸಂಜೆ ಫೋನಿಗೆ ಒಪ್ಪಿಸಿ, ಅದು ತಿರುಗಿ ಒಪ್ಪಿಸಿದ್ದನ್ನು ಕೇಳಿ, ತಪ್ಪು ತಿದ್ದಿ, ಎಲ್ಲವೂ ಮಗ್ಗಿಯ ಹಾಗೆ ಅವನಿಗೆ ಬಾಯಿಪಾಠವಾಗಿಬಿಟ್ಟಿತ್ತು. ಹುಟ್ಟಿದಂದಿನಿಂದ ಮೊದಲ ಬಾರಿಗೆ ಅವನಿಗೆ ಎಲ್ಲರ ಎಲ್ಲವೂ ನೆನಪಿತ್ತು. ಇದನ್ನು ಅಳಿಸುವುದು ಹೇಗೆಂದು ಕೇಳೋಣವೆಂದರೆ ಸಹಾಯಕನೂ ಹೋಗಿದ್ದ.

ಕೂದಲು ಕಿವಿ ಮುಚ್ಚುವಷ್ಟು ಬೆಳೆದ ಮೇಲೆ ಡ್ರೈವರಣ್ಣ ಒಂದು ಬೆಳಿಗ್ಗೆ ಬಂದ. ಎದುರಿನ ಸಲೂನಿನಲ್ಲಿ ಟಿವಿಯ ಸದ್ದಿಗೆ ತನ್ನ ಮಾತು ತನಗೇ ಕೇಳಿಸುವುದಿಲ್ಲ ಎಂದು ಗೊಣಗಿ ಕುರ್ಚಿಯಲ್ಲಿ ಕೂತ. ಬೆಂಚಿನ ಮೇಲೆ ಮೇಷ್ಟ್ರಿದ್ದರು. ಕ್ಷೌರಿಕ ಬಟ್ಟೆ ಹೊದಿಸಿದ.

"ಹೋದ ಸಲ ನಾನೇನು ಹೇಳ್ತಿದ್ದೆ?" ಎಂದ ಡ್ರೈವರಣ್ಣ, ಕನ್ನಡಿಯಿಂದ ಕಣ್ಣು ತೆಗೆಯದೆ. ಮೇಷ್ಟ್ರು ಬೆಂಚಿನ ತುದಿಗೆ ಸರಿದರು.

ಕ್ಷೌರಿಕ ಬಾಚಣಿಗೆ ಹಿಡಿದು ಯೋಚಿಸಿದ. ಡ್ರೈವರಣ್ಣನ ಬೆನ್ನುನೋವು, ಭಾವಮೈದುನನ ಬೈಕು, ಭಾನುವಾರಗಳು ಸಾಲಾಗಿ ಬಂದು ನಾಲಿಗೆಯ ತುದಿಯಲ್ಲಿ ನಿಂತವು.

"ನಿಮ್ಮ ತಂಗಿಗೆ ಹುಷಾರಿಲ್ಲ ಅಂತ ಏನೋ ಅಂದಂಗಿತ್ತು?"

ಡ್ರೈವರಣ್ಣನ ಭುಜ ಸಡಿಲವಾಯಿತು. "ನನಗೆ ತಂಗಿಯೇ ಇಲ್ಲ ಕಣೋ, ಮರೆಗುಳಿ," ಎಂದು ತಲೆಯನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ. "ಕೇಳಿಲ್ಲಿ. ಭಾವಮೈದುನ ಆ ಬೈಕನ್ನ ಏನು ಮಾಡಿದ ಗೊತ್ತಾ?"

"ಯಾವ ಬೈಕಣ್ಣ?" ಎಂದ ಕ್ಷೌರಿಕ.

ಡ್ರೈವರಣ್ಣ ಬೈಕಿನ ಕಥೆಯನ್ನು ಮೊದಲಿನಿಂದ ಹೇಳಿದ. ಕ್ಷೌರಿಕ ಎರಡು ಕಡೆ ಭಾವಮೈದುನನನ್ನು ಚಿಕ್ಕಪ್ಪ ಎಂದು ಕರೆದು, ಎರಡು ಸಲವೂ ಬೈಸಿಕೊಂಡ.